ಸಾಯಬೇಕಿದ್ದ ಸಾಲು

ದೆಹಲಿಯ ಕಿದ್ವಾಯಿ ನಗರದ ಆ ಬ್ಲಾಕಿನಲ್ಲಿ ಬಾಗಿಲ ಮುಂದೆ ಒಂದು ಕುಂಡವೂ ಇಲ್ಲದ ಮನೆ ಒಂದೇ ಇತ್ತು. ಅದು ಗಿಡಗಳ ಡಾಕ್ಟರ್ ಮನೋರಮಾಳ ಮನೆ. ಪಕ್ಕದ ಮನೆಯ ಪದ್ಮಾ, "ಗುಲಾಬಿ ಯಾಕೋ ಒಣಗ್ತಾ ಇದೆ, ಒಂದ್ಸಲ ಬಂದು ನೋಡ್ತೀರಾ?" ಅಂತ ಕರೆದರೆ ಮನೋರಮಾ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು: "ನೋಡಿ ಪದ್ಮಾ, ಸರ್ಕಾರ ನನಗೆ ಸಂಬಳ ಕೊಡೋದು ಗಿಡ ಸಾಯಿಸೋಕೆ. ಉಳಿಸೋರು ಬೇರೆ ಇದ್ದಾರೆ, ಅವರನ್ನ ಕೇಳಿ." ಪದ್ಮಾ ಅದನ್ನು ಜಂಬ ಅಂದುಕೊಂಡು ಮಾತು ಕಡಿಮೆ ಮಾಡಿದಳು. ಪಾಪ, ಅದರಲ್ಲಿ ಜಂಬವೇನೂ ಇರಲಿಲ್ಲ. ಮನೋರಮಾ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೇ. ಜನ ಅದನ್ನು ಸಹಿಸುವುದಿಲ್ಲ.

ನಜಫ್‌ಗಢದ ಕಡೆಗಿದ್ದ ಒಂದು ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವಳು ಸಸ್ಯರೋಗ ವಿಜ್ಞಾನಿ. ಧಾರವಾಡದಲ್ಲಿ ಓದಿದವಳು, ಕೇಂದ್ರ ಸರ್ಕಾರದಲ್ಲಿ ಗುಮಾಸ್ತನಾಗಿದ್ದ ಜಗನ್ನಾಥನ ಕೈಹಿಡಿದು ದೆಹಲಿಗೆ ಬಂದವಳು. ಗಂಡ ಒಂದೊಂದೇ ಮೆಟ್ಟಿಲು ಹತ್ತಿ ಸೆಕ್ಷನ್ ಆಫೀಸರ್ ಆದ. ಹೆಂಡತಿ ಬೆಳಿಗ್ಗೆ ಚಾರ್ಟರ್ಡ್ ಬಸ್ಸು ಹಿಡಿದು, ಸಂಜೆ ಅದೇ ಬಸ್ಸಿನಲ್ಲಿ ಮಣ್ಣಿನ ಕಾಲಲ್ಲಿ ವಾಪಸು ಬಂದು, ಇಪ್ಪತ್ತು ವರ್ಷ ಒಂದೇ ತುಂಡು ನೆಲವನ್ನು ನೋಡಿಕೊಂಡಳು.

ಆ ನೆಲ ಎಂಥದ್ದು ಅಂತ ಹೇಳಬೇಕು. ಕೇಂದ್ರದ ಹೊಲಗಳೆಲ್ಲ ಹಸಿರಾಗಿರುವಾಗ ಮೂಲೆಯ ಆ ತಾಕು ಮಾತ್ರ ಚಳಿಗಾಲದಲ್ಲಿ ಬೋಳುಬೋಳಾಗಿ, ಒಣಗಿದ ಕಡಲೆ ಗಿಡಗಳಿಂದ ತುಂಬಿರುತ್ತಿತ್ತು. ಎಲ್ಲರೂ ಅದನ್ನು ರೋಗದ ತಾಕು ಅನ್ನುತ್ತಿದ್ದರು. ಕಡಲೆಗೆ ಸೊರಗು ರೋಗ ತರುವ ಶಿಲೀಂಧ್ರ ಅದರ ಮಣ್ಣಿನಲ್ಲಿ ಬೀಡುಬಿಟ್ಟಿತ್ತು, ಅದನ್ನು ಕರೆದು ಕೂರಿಸಿದವಳೇ ಮನೋರಮಾ. ರೋಗದಿಂದ ಸತ್ತ ಗಿಡಗಳನ್ನು ಬೇರೆಯವರು ಕಿತ್ತು ಸುಟ್ಟರೆ ಇವಳು ಕತ್ತರಿಸಿ ಅದೇ ಮಣ್ಣಿಗೆ ಸೇರಿಸುತ್ತಿದ್ದಳು. ಆ ತಾಕಿಗೆ ಕಾಲಿಟ್ಟವರು ಚಪ್ಪಲಿ ತೊಳೆಯದೆ ಹೊರಗೆ ಹೋಗುವಂತಿರಲಿಲ್ಲ. ಅಲ್ಲಿಯ ಗುದ್ದಲಿ ಬೇರೆ ಹೊಲಕ್ಕೆ, ಬೇರೆ ಹೊಲದ ಗುದ್ದಲಿ ಅಲ್ಲಿಗೆ ಹೋಗುವಂತಿರಲಿಲ್ಲ. ಧಾರವಾಡದ ಅಡುಗೆಮನೆಯಲ್ಲಿ ಅವಳ ಅಮ್ಮ ಪಾಲಿಸಿದ ಕಟ್ಟುನಿಟ್ಟೆಲ್ಲ ಇದರ ಮುಂದೆ ಏನೂ ಅಲ್ಲ.

ಇಷ್ಟೆಲ್ಲ ಯಾಕೆ? ರೋಗ ತಡೆಯುವ ತಳಿ ಯಾವುದು ಅಂತ ತಿಳಿಯಬೇಕಾದರೆ ರೋಗದ ಬಾಯಿಗೇ ಅದನ್ನು ಕೊಟ್ಟು ನೋಡಬೇಕು, ಬೇರೆ ದಾರಿಯಿಲ್ಲ. ಮನೋರಮಾ ಎರಡು ಸಾಲು ಹೊಸ ತಳಿ ಬಿತ್ತಿಸಿದರೆ ಮೂರನೆಯ ಸಾಲಿನಲ್ಲಿ ಸೊರಗು ಸೋಕಿದರೆ ಸಾಕು ಸಾಯುವ ಒಂದು ಹಳೆಯ ತಳಿ ಬಿತ್ತಿಸುತ್ತಿದ್ದಳು. ಆ ಮೂರನೆಯ ಸಾಲು ಸಾಯಬೇಕು. ಅದು ಸತ್ತರೆ ಮಾತ್ರ ಪಕ್ಕದಲ್ಲಿ ನಿಂತಿರುವ ಗಿಡದ ಬದುಕಿಗೆ ಬೆಲೆ. ಅದೂ ಬದುಕಿತು ಅಂದರೆ ಮಣ್ಣಿನಲ್ಲಿ ರೋಗವೇ ಇಲ್ಲ, ಪರೀಕ್ಷೆಯೇ ನಡೆದಿಲ್ಲ, ನಿಂತ ಗಿಡಗಳ ಹಸಿರನ್ನು ನಂಬುವ ಹಾಗಿಲ್ಲ. ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಆ ಸಾಲಿಗೆ ಬೀಜ ಹಾಕುವಾಗ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು, ಸಾಯಲಿ ಅಂತ ಬಿತ್ತುವ ಹುಚ್ಚು ಮೇಡಂ ಇವರೊಬ್ಬರೇ ಅಂತ.

ಮನೋರಮಾಳ ಆಸೆಯೆಲ್ಲ ಇನ್ನೂರಾರು ಅನ್ನುವ ತಳಿಯ ಮೇಲಿತ್ತು. ಹೆಸರಿಲ್ಲ, ಬರೀ ನಂಬರು. ಪರೀಕ್ಷೆ ದಾಟಿದ ಮೇಲೆ ತಾನೇ ನಾಮಕರಣ. ಅದರ ಬೇರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವಳು ಎಷ್ಟು ವರ್ಷ ನೋಡಿದ್ದಳೋ. ಬೇರು ಮಣ್ಣಿನಲ್ಲಿ ಮುಂದೆ ಹೋಗುವಾಗ ತುದಿಯಿಂದ ತನ್ನದೇ ಜೀವಕೋಶಗಳನ್ನು ಉದುರಿಸುತ್ತ, ಲೋಳೆ ಸುರಿಸುತ್ತ ಹೋಗುತ್ತದೆ. ಮುತ್ತಲು ಬಂದ ಶಿಲೀಂಧ್ರದ ಎಳೆಗಳು ಆ ಲೋಳೆಯಲ್ಲಿ ಸಿಕ್ಕಿ, ಉದುರಿದ ಕೋಶಗಳನ್ನೇ ಬೇರು ಅಂದುಕೊಂಡು ಮುಕ್ಕುತ್ತ ಉಳಿದುಬಿಡುತ್ತವೆ. ಅದನ್ನೂ ದಾಟಿ ಒಳಗೆ ನುಗ್ಗಿದರೆ ಬೇರು ತನ್ನ ಕೋಶಗಳ ಗೋಡೆಗಳನ್ನು ಮರದ ಹಾಗೆ ಗಟ್ಟಿ ಮಾಡಿಕೊಳ್ಳುತ್ತದೆ, ವಿಷ ಕಾರುತ್ತದೆ. ಕೊನೆಗೆ ನೀರು ಏರುವ ನಾಳಗಳಿಗೇ ಅಂಟು ತುಂಬಿ ಮುಚ್ಚಿಬಿಡುತ್ತದೆ, ಶತ್ರು ಮೇಲಕ್ಕೆ ಹೋಗದಿರಲಿ ಅಂತ. ಇಲ್ಲೇ ಎಲ್ಲ ಗಿಡಗಳೂ ಎಡವುವುದು. ಹೆದರಿದ ಗಿಡ ನಾಳಗಳನ್ನೆಲ್ಲ ಮುಚ್ಚಿಕೊಂಡು ಎಲೆಗೆ ನೀರಿಲ್ಲದೆ ತಾನೇ ಸೊರಗುತ್ತದೆ. ಅರ್ಧ ಸಾವು ರೋಗದ್ದು, ಇನ್ನರ್ಧ ಗಿಡ ತಾನಾಗಿ ತಂದುಕೊಂಡದ್ದು. ಇನ್ನೂರಾರು ಹಾಗಲ್ಲ. ಶಿಲೀಂಧ್ರ ಹೊಕ್ಕ ಒಂದೆರಡು ನಾಳಗಳನ್ನು ಬೇಗ ಮುಚ್ಚಿ, ಉಳಿದವನ್ನು ತೆರೆದಿಟ್ಟು, ಪಕ್ಕದಲ್ಲಿ ಹೊಸ ಬೇರು ಬಿಡುತ್ತಿತ್ತು. "ಎಷ್ಟು ಕಳಕೋಬೇಕು ಅಂತ ಅದಕ್ಕೆ ಗೊತ್ತು" ಅಂತ ಅವಳು ಊಟದ ಹೊತ್ತಿನಲ್ಲಿ ಗಂಡನಿಗೆ ವಿವರಿಸುವಳು. ಜಗನ್ನಾಥ ಹೂಂಗುಟ್ಟಿ ಚಪಾತಿ ಮುರಿಯುವನು.

ತಳಿ ರೈತರ ಕೈಗೆ ಹೋಗಬೇಕಾದರೆ ರೋಗದ ತಾಕಿನಲ್ಲಿ ಮೂರು ಚಳಿಗಾಲ ನಿಲ್ಲಬೇಕು ಅನ್ನುವುದು ನಿಯಮ. ಇನ್ನೂರಾರು ಎರಡನ್ನು ದಾಟಿತ್ತು. ಉಳಿದದ್ದು ೨೦೦೬ರ ಚಳಿಗಾಲ. ಅದು ಕೈತಪ್ಪಿದರೆ ಮತ್ತೆ ಮೊದಲಿನಿಂದ ಮೂರು ಚಳಿಗಾಲ ಬೇಕು, ಅಷ್ಟು ಸರ್ವಿಸು ಮನೋರಮಾಳಿಗೆ ಉಳಿದಿರಲಿಲ್ಲ. ನಿವೃತ್ತಿಯಾದವಳ ತಳಿಯನ್ನು ಇನ್ನೊಬ್ಬರು ಹೊತ್ತು ತಿರುಗುತ್ತಾರೆ ಅಂತ ನಂಬುವಷ್ಟು ಮುಗ್ಧೆ ಅವಳಲ್ಲ.

ವಿಭಾಗದ ಮುಖ್ಯಸ್ಥ ಚಂದ್ರಶೇಖರ. ಧಾರವಾಡದಲ್ಲಿ ಅವಳ ಸಹಪಾಠಿ, ನಂತರ ಅವಳನ್ನು ದಾಟಿ ಮೇಲೆ ಹೋದವನು. ಅವನದ್ದೂ ಒಂದು ತಳಿ ಅದೇ ತಾಕಿನಲ್ಲಿ ಪರೀಕ್ಷೆಗಿತ್ತು. ಕಾಳು ದಪ್ಪ, ಬಣ್ಣ ಚೆಂದ, ಕೈಯಲ್ಲಿ ಹಿಡಿದರೆ ಯಾರಾದರೂ ಮರುಳಾಗಬೇಕು. ಆದರೆ ಬೇರು ದಂಡ. ಮೊದಲ ವರ್ಷ ಹೇಗೋ ದಾಟಿತು, ಎರಡನೆಯ ವರ್ಷ ಅರ್ಧಕ್ಕರ್ಧ ಸೊರಗಿ ಕೂತಿತು. ಮೂರನೆಯ ವರ್ಷ ಚೆನ್ನಾಗಿ ನಿಂತರೆ ಅದನ್ನು ಹವೆಯ ತಪ್ಪು ಅಂತ ತೇಲಿಸಿಬಿಡಬಹುದಿತ್ತು. ಮನೋರಮಾ ಅದನ್ನು ಇದ್ದ ಹಾಗೆ ಬರೆದು ಕಳಿಸಿದಳು. ಚಂದ್ರಶೇಖರ ಆಗ ಬರೀ ನಕ್ಕ. ಆ ನಗು ಅವಳಿಗೆ ಆಗಲೇ ಹಿಡಿಸಿರಲಿಲ್ಲ.

ಆ ಏಪ್ರಿಲ್‌ನಲ್ಲಿ ಅಮ್ಮ ಹಾಸಿಗೆ ಹಿಡಿದಳು ಅಂತ ಧಾರವಾಡದಿಂದ ಫೋನು ಬಂತು. ಮನೋರಮಾ ರಜೆ ಹಾಕಿ ಹೋದಳು. ಅಮ್ಮ ಬಹಳ ದಿನ ನರಳಿ ತೀರಿಕೊಂಡಳು. ಕರ್ಮಾಂತರ ಮುಗಿಸಿ ಇವಳು ದೆಹಲಿಗೆ ಬಂದಿಳಿಯುವಾಗ ಜೂನ್ ಮುಗಿಯುತ್ತ ಬಂದಿತ್ತು, ಬಿಸಿಲು ಇನ್ನೂ ಚರ್ಮ ಸುಲಿಯುತ್ತಿತ್ತು. ಮಾರನೆಯ ಬೆಳಿಗ್ಗೆ ಬಸ್ಸಿಳಿದು ನೆಟ್ಟಗೆ ಹೊಲಕ್ಕೆ ಹೋದವಳಿಗೆ ತನ್ನ ತಾಕಿನ ಜಾಗದಲ್ಲಿ ಕಣ್ಣು ಕುಕ್ಕುವ ಹೊಳಪು ಕಂಡಿತು. ಇಡೀ ತಾಕಿಗೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚುಗಳನ್ನು ಮಣ್ಣಲ್ಲಿ ಹೂತಿದ್ದರು. ಒಳಗೆ ಬೆವರು ಹನಿಗಟ್ಟಿತ್ತು.

ಅದು ಏನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಣ್ಣನ್ನು ನೀರಿನಿಂದ ನೆನೆಸಿ, ಪ್ಲಾಸ್ಟಿಕ್ ಹೊದಿಸಿ, ದೆಹಲಿಯ ಮೇ ಬಿಸಿಲಿಗೆ ಬಿಟ್ಟರೆ ಒಳಗಿನ ಮಣ್ಣು ಬೇಯುತ್ತದೆ. ರೋಗಾಣು ಸಾಯುತ್ತದೆ. ರೈತನ ಹೊಲಕ್ಕಾದರೆ ಅದು ದೊಡ್ಡ ಉಪಕಾರ. ಇಪ್ಪತ್ತು ವರ್ಷ ಜತನದಿಂದ ಸಾಕಿದ ರೋಗದ ತಾಕಿಗೆ?

ಮನೋರಮಾ ಬರಿಗೈಯಲ್ಲಿ ಪ್ಲಾಸ್ಟಿಕ್ ಹರಿಯತೊಡಗಿದಳು. ಬಿಸಿ ಹಬೆ ಮುಖಕ್ಕೆ ಬಡಿಯಿತು. ಕೂಲಿ ಹೆಂಗಸರು ದೂರದಲ್ಲಿ ನಿಂತು ನೋಡಿದರು. ಅಷ್ಟರಲ್ಲಿ ಸಾತ್ವಿಕ್ ಓಡಿ ಬಂದ.

ಸಾತ್ವಿಕ್ ಹಿಂದಿನ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ ಕೃಷಿ ಎಂಜಿನಿಯರು, ಹೊಲಕ್ಕೆ ಪ್ಲಾಸ್ಟಿಕ್ ಬಳಸುವ ವಿದ್ಯೆಯಲ್ಲಿ ಪಳಗಿದವನು. ಮೈಸೂರಿನ ಹುಡುಗ, ಮುನಿರ್ಕಾದಲ್ಲಿ ಬಾಡಿಗೆ ಕೋಣೆ. ಊಟಕ್ಕೆ ಒದ್ದಾಡುತ್ತಾನೆ ಅಂತ ಭಾನುವಾರ ಮನೋರಮಾಳೇ ಮನೆಗೆ ಕರೆದು ಹುಳಿ ಅನ್ನ ಬಡಿಸುತ್ತಿದ್ದಳು. ಅವನ ಮುಖದಲ್ಲಿ ಹೆದರಿಕೆಗಿಂತ ಆಶ್ಚರ್ಯವೇ ಹೆಚ್ಚಿತ್ತು.

"ಮೇಡಂ, ಯಾಕೆ ಹರೀತಿದೀರಾ? ಇನ್ನೊಂದು ವಾರ ಬಿಟ್ಟಿದ್ರೆ ಪೂರ್ತಿ ಕ್ಲೀನ್ ಆಗ್ತಿತ್ತು!"

"ಯಾರು ಹೇಳಿದ್ರೋ ನಿನಗೆ ಇದನ್ನ ಮುಟ್ಟು ಅಂತ?"

"ಚಂದ್ರಶೇಖರ್ ಸರ್ ಕೊಟ್ರು ಮೇಡಂ. ಡೆಮೊಗೆ ತಾಕು ಬೇಕಿತ್ತು. ರೋಗ ತುಂಬಿರೋ ಮಣ್ಣೇ ಬೇಕು, ಆಗ ತಾನೇ ರಿಸಲ್ಟ್ ಕಾಣೋದು ಅಂದೆ. ಹಾಗಿದ್ರೆ ಇದಕ್ಕಿಂತ ಒಳ್ಳೇದು ಸಿಗಲ್ಲ, ತಗೋ ಅಂದ್ರು. ನಿಮಗೂ ಖುಷಿಯಾಗುತ್ತೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ಇಲ್ಲಿ ಒಂದು ಗಿಡಾನೂ ಉಳೀತಿರಲಿಲ್ವಂತಲ್ಲ..."

ಬೈಯಬೇಕು ಅಂತ ಬಾಯಿ ತೆರೆದವಳು ಹಾಗೇ ನಿಂತಳು. ಇವನಿಗೆ ಗೊತ್ತಿರಲಿಲ್ಲ. ಮಣ್ಣು ಅಂದರೆ ಬಿಸಿ, ತೇವ ಅಂತ ಓದಿದವನು, ರೋಗ ಅಂದರೆ ವಾಸಿ ಮಾಡುವುದು ಅಂತ ನಂಬಿದವನು. ಆದರೆ ಚಂದ್ರಶೇಖರನಿಗೆ ಚೆನ್ನಾಗಿ ಗೊತ್ತಿತ್ತು. ಅವನೂ ಸಸ್ಯರೋಗ ವಿಜ್ಞಾನಿಯೇ. ಗೊತ್ತಿದ್ದೇ ಕೊಟ್ಟ, ಅದೂ ಇವಳ ಅಮ್ಮ ಸಾಯುತ್ತಿರುವಾಗ ಕೊಟ್ಟ.

ನವೆಂಬರ್ ಬಿತ್ತನೆಗೆ ಇನ್ನೂ ಸಮಯವಿತ್ತು. ಅವಳು ಹಟಕ್ಕೆ ಬಿದ್ದಳು. ಪ್ರಯೋಗಾಲಯದಲ್ಲಿ ಜೀವಂತವಾಗಿಟ್ಟಿದ್ದ ಶಿಲೀಂಧ್ರವನ್ನು ಬೇಯಿಸಿದ ಜೋಳದ ಕಾಳಿನ ಮೇಲೆ ಬೆಳೆಸಿ ಮಣ್ಣಿಗೆ ಬೆರೆಸಿದಳು. ಗೋಣಿಚೀಲದಲ್ಲಿ ಉಳಿದಿದ್ದ ಹಳೆಯ ಸತ್ತ ಗಿಡಗಳನ್ನು ಪುಡಿ ಮಾಡಿ ಹಾಕಿದಳು. ವಿಷಯ ತಿಳಿದ ಮೇಲೆ ಸಾತ್ವಿಕ್ ಮಾಡಿದ ಕೆಲಸಕ್ಕೆ ಪ್ರಾಯಶ್ಚಿತ್ತ ಅನ್ನುವ ಹಾಗೆ ಜೋಳ ಬೇಯಿಸಲು, ಚೀಲ ಹೊರಲು ಹಿಂದೆ ಹಿಂದೆ ಬಂದ. ಅವಳು ಬೇಡ ಅನ್ನಲಿಲ್ಲ, ಭಾನುವಾರದ ಊಟಕ್ಕೂ ಕರೆಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಮಣ್ಣಿಗೆ ಹತ್ತಿದ ರೋಗವನ್ನು ನಾಲ್ಕು ತಿಂಗಳಲ್ಲಿ ಮರಳಿ ತರಲು ಆಗುತ್ತದೆಯೇ ಅಂತ ಯಾರಾದರೂ ಕೇಳಿದ್ದರೆ ಅವಳೇ ಆಗುವುದಿಲ್ಲ ಅನ್ನುತ್ತಿದ್ದಳು. ಆದರೂ ಬಿತ್ತಿದಳು. ಎರಡು ಸಾಲು ತಳಿಗಳು, ಮೂರನೆಯದು ಸಾಯುವ ಸಾಲು.

ಆ ಚಳಿಗಾಲ ಅವಳು ಸಾವಿಗಾಗಿ ಕಾದಷ್ಟು ಯಾರೂ ಕಾದಿರಲಿಕ್ಕಿಲ್ಲ. ಡಿಸೆಂಬರ್ ಮಂಜಿನಲ್ಲಿ ಬಸ್ಸು ಆಮೆಯ ಹಾಗೆ ತೆವಳುವುದು, ಇವಳು ಇಳಿದವಳೇ ಶಾಲು ಹೊದ್ದು ತಾಕಿಗೆ ಓಡುವಳು. ಬಾಗಿ ಮೂರನೆಯ ಸಾಲಿನ ಎಲೆಗಳನ್ನು ಮುಟ್ಟಿ ನೋಡುವಳು. ಎಲ್ಲೋ ಒಂದು ಗಿಡ ಜೋಲು ಬಿದ್ದಿದ್ದರೆ ಹೊಟ್ಟೆಗೆ ಹಾಲು ಹೊಯ್ದಂತಾಗುವುದು. ಹಾಗೆ ಬಿದ್ದದ್ದು ಬೆರಳೆಣಿಕೆಯಷ್ಟು. ಉಳಿದವೆಲ್ಲ ಕವಲೊಡೆದು, ಸೊಂಪಾಗಿ, ಫೆಬ್ರವರಿಗೆ ನೇರಳೆ ಹೂವು ಬಿಟ್ಟು ನಿಂತವು. ಜನ್ಮದಲ್ಲಿ ಒಂದು ಸಲವೂ ಹೂವಿನ ಮುಖ ನೋಡದ ಸಾಲು ಅದು. ಕೂಲಿ ಹೆಂಗಸರು "ಮೇಡಂಜೀ, ಈ ಸಲ ನಿಮ್ಮ ಹೊಲ ಎಷ್ಟು ಚೆನ್ನಾಗಿ ಬಂದಿದೆ!" ಅಂತ ಅಭಿನಂದಿಸಿದರು. ಮನೋರಮಾಳಿಗೆ ಅಳು ಬಂತು. ಸಿಟ್ಟಿನಲ್ಲಿ ಒಂದು ಗಿಡ ಕಿತ್ತು ಬೇರು ಸೀಳಿದಳು. ಒಳಗೆ ಹಾಲಿನಷ್ಟು ಬಿಳುಪು, ಸೊರಗು ಹೊಕ್ಕರೆ ಕಾಣುವ ಕಪ್ಪು ಗೆರೆಯ ಸುಳಿವೂ ಇಲ್ಲ.

ಅದೇ ತಿಂಗಳು ಕೇಂದ್ರಕ್ಕೆ ದೊಡ್ಡವರ ಭೇಟಿ ಇತ್ತು. ರೋಗದ ತಾಕಿನ ಮುಂದೆ ಶಾಮಿಯಾನ ಹಾಕಿ, ಹಿಂದಿನ ವರ್ಷದ ಒಣಗಿದ ತಾಕಿನ ಫೋಟೊ ಒಂದು ಕಡೆ, ಈ ವರ್ಷದ ಹಸಿರು ಇನ್ನೊಂದು ಕಡೆ ಇಟ್ಟು ಚಂದ್ರಶೇಖರ ಭಾಷಣ ಮಾಡಿದ. ಸಾತ್ವಿಕ್‌ಗೆ ಶಾಲು ಹೊದಿಸಿ, ವರ್ಷದ ಉತ್ತಮ ಪ್ರಾತ್ಯಕ್ಷಿಕೆ ಅಂತ ಫಲಕ ಕೊಟ್ಟರು. ಹುಡುಗ ಫಲಕ ಹಿಡಿದು ತಲೆ ಬಗ್ಗಿಸಿ ನಿಂತಿದ್ದ. ಚಪ್ಪಾಳೆ ತಟ್ಟದವಳು ಒಬ್ಬಳೇ. ಪಕ್ಕದಲ್ಲಿದ್ದ ಯಾರೋ, "ಕಿರಿಯರು ಮುಂದೆ ಬಂದರೆ ಹಿರಿಯರಿಗೆ ಸಹಿಸೋಕಾಗಲ್ಲ" ಅಂತ ಹಿಂದಿಯಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು. ಯಾರಿಗೆ ಅಂತ ಬಿಡಿಸಿ ಹೇಳುವುದು? ರೋಗ ವಾಸಿಯಾಗಿ ನನ್ನ ಮನೆ ಹಾಳಾಯಿತು ಅಂದರೆ ನಗದವರು ಯಾರು?

ಮಾರ್ಚ್‌ನಲ್ಲಿ ಚಂದ್ರಶೇಖರ ಕೋಣೆಗೆ ಕರೆಸಿದ. ಮೀಟಿಂಗಿನಲ್ಲಿ ಇಂಗ್ಲಿಷು, ಕೂಲಿಯವರೊಂದಿಗೆ ಹಿಂದಿ ಅವನ ಪದ್ಧತಿ. ಬಾಗಿಲು ಮುಚ್ಚಿ ಕನ್ನಡಕ್ಕೆ ಇಳಿದ ಅಂದರೆ ಕಾಗದಕ್ಕೆ ಏರಿಸಲಾಗದ ಯಾವುದೋ ಮಾತು ಬಂತು ಅಂತಲೇ ಲೆಕ್ಕ. ಆ ದಿನ ಬಾಗಿಲು ಮುಚ್ಚಿದ, ಚಹಾ ತರಿಸಿದ.

"ಮನೋರಮಾ, ಚಳಿಗಾಲದ ವರದಿ ಇನ್ನೂ ಬಂದಿಲ್ವಲ್ಲ?"

"ಏನಂತ ಬರೀಲಿ? ಸಾಯೋ ಸಾಲು ಸತ್ತಿಲ್ಲ. ಪರೀಕ್ಷೆ ಅಸಿಂಧು."

"ಅಯ್ಯೋ, ಅಷ್ಟು ಕಡ್ಡಿ ಮುರಿದ ಹಾಗೆ ಯಾಕೆ ಮಾತಾಡ್ತೀರಿ? ಕೆಲವು ಗಿಡ ಸತ್ತಿವೆಯಲ್ಲ. ರೋಗ ಸಾಧಾರಣ ಅಂತ ಬರೀರಿ. ನಿಮ್ಮ ಇನ್ನೂರಾರು ನಿಂತಿದೆ ತಾನೇ?"

"ನಿಂತಿದೆ. ನಿಮ್ಮದೂ ನಿಂತಿದೆ. ಸಾಯಬೇಕಿದ್ದದ್ದೂ ನಿಂತಿದೆ."

ಚಂದ್ರಶೇಖರ ನಕ್ಕ. "ಮತ್ತೆ? ಇಬ್ಬರದೂ ದಾಟಿಹೋಗಲಿ. ನಿಮ್ಮ ತಳಿ ಒಳ್ಳೇದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಒಂದು ಸಾಲಿಗೋಸ್ಕರ ಇಡೀ ಜೀವನದ ಕೆಲಸ ಮಣ್ಣು ಮಾಡ್ಕೋತೀರಾ? ನಾವು ಧಾರವಾಡದವರು, ಒಬ್ಬರಿಗೊಬ್ಬರು ಆಗದೇ ಇದ್ರೆ ಈ ಊರಲ್ಲಿ ಯಾರು ಆಗ್ತಾರೆ ಹೇಳಿ."

"ಆ ತಾಕು ಯಾಕೆ ಕೊಟ್ರಿ ಆ ಹುಡುಗನಿಗೆ?"

"ಅದು ಆಗಿಹೋದ ಮಾತು" ಅಂದು ಚಹಾ ಲೋಟ ಅವಳ ಕಡೆ ಸರಿಸಿದ.

ಅವಳು ಚಹಾ ಮುಟ್ಟದೆ ಎದ್ದು ಬಂದಳು. ಬಂದಳೇನೋ ನಿಜ, ಆದರೆ ಮನಸ್ಸು ಅಲ್ಲೇ ಕೂತಿತ್ತು. ಇನ್ನೂರಾರು ಒಳ್ಳೆಯದು ಅನ್ನುವುದು ಸುಳ್ಳಲ್ಲವಲ್ಲ. ಬೇರನ್ನು ಕಣ್ಣಾರೆ ನೋಡಿದ್ದಾಳೆ. ನಿಜವಾದ ಮಾತಿಗೆ ಒಂದು ಸುಳ್ಳು ಸಹಿ ಹಾಕಿದರೆ ಯಾರ ಗಂಟು ಹೋಗುತ್ತದೆ? ಹೋಗುತ್ತದೆ. ಅದೇ ಸಹಿಯಲ್ಲಿ ಅವನ ದಪ್ಪಕಾಳೂ ದಾಟುತ್ತದೆ, ರೈತರ ಹೊಲಕ್ಕೆ ಹೋಗುತ್ತದೆ, ಅಲ್ಲಿ ಸಾಯುತ್ತದೆ.

ಮನೆಯಲ್ಲಿ ಜಗನ್ನಾಥನ ಮುಂದೆ ಎಲ್ಲವನ್ನೂ ಹೇಳಿದಳು. ಅವನು ಕನ್ನಡಕ ಒರೆಸಿ, ಮೂವತ್ತು ವರ್ಷದ ಕಡತಗಳ ಅನುಭವವನ್ನೆಲ್ಲ ಒಟ್ಟುಗೂಡಿಸಿ ಹೇಳಿದ: "ನೀನು ಹೌದು ಅಂತಲೂ ಬರೀಬೇಡ, ಇಲ್ಲ ಅಂತಲೂ ಬರೀಬೇಡ. 'ಮೇಲಿನವರು ಪರಿಶೀಲಿಸಬಹುದು' ಅಂತ ಬರೆದು ಕೈತೊಳಕೋ."

"ರೀ, ಗಿಡ ಸತ್ತಿದೆಯೋ ಇಲ್ವೋ ಅನ್ನೋದನ್ನ ಮೇಲಿನವರು ಏನ್ರೀ ಪರಿಶೀಲಿಸ್ತಾರೆ?"

ಕಾಲೇಜು ಮುಗಿಸಿ ಗುರ್‌ಗಾಂವ್‌ನ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಮಗಳು ಲಾವಣ್ಯಾ ಮೊಬೈಲಿನಿಂದ ತಲೆಯೆತ್ತಿ, "ಮಮ್ಮಿ, ಸೈನ್ ಕರ್ ದೋ ನಾ. ಎವೆರಿಬಡಿ ಡಸ್. ಇಲ್ಲಾಂದ್ರೆ ಫುಲ್ ಲೈಫ್ ಅಳ್ತಾ ಕೂತಿರ್ತೀಯ" ಅಂದಳು. ಮಗಳು ಕೆಟ್ಟವಳಲ್ಲ. ಅಮ್ಮ ಅಳುವುದನ್ನು ನೋಡಲಾರದೆ ಹೇಳಿದ್ದು. ಮನೋರಮಾಳಿಗೆ ಅದೂ ಚುಚ್ಚಿತು.

ಮರುದಿನ ಅವಳು ವರದಿ ಬರೆದಳು. ಸಾಯಬೇಕಿದ್ದ ಸಾಲು ಸತ್ತಿಲ್ಲ, ತಾಕಿನಲ್ಲಿ ರೋಗ ಉಳಿದಿಲ್ಲ, ಈ ವರ್ಷದ ಪರೀಕ್ಷೆಯಲ್ಲಿ ಯಾವ ತಳಿಯನ್ನೂ ನಿರೋಧಕ ಅನ್ನುವಂತಿಲ್ಲ. ಕೆಳಗೆ ಸಹಿ. ಇದನ್ನು ಓದಿ ಎಂಥ ಪ್ರಾಮಾಣಿಕ ಹೆಂಗಸು ಅಂತ ಯಾರೂ ಕೈಮುಗಿಯಬೇಕಾಗಿಲ್ಲ. ಸಹಿ ಹಾಕುವಾಗ ಅವಳ ಮನಸ್ಸಿನಲ್ಲಿ ಸತ್ಯಕ್ಕಿಂತ ಮುಂದೆ ನಿಂತಿದ್ದದ್ದು ಚಂದ್ರಶೇಖರನ ಮುಖ. ನನ್ನದು ಹೋದರೆ ಹೋಗಲಿ, ನಿನ್ನದೂ ಹೋಗುತ್ತದೆ. ಅವನ ನಗು ಇಂಗಿಹೋಗುವುದನ್ನು ನೋಡಲು ಅವಳು ತನ್ನ ಹೊಟ್ಟೆಯ ಕೂಸನ್ನೇ ಕೊಡಲು ತಯಾರಾಗಿದ್ದಳು.

ಸೆಪ್ಟೆಂಬರ್‌ನಲ್ಲಿ ತಳಿ ಆಯ್ಕೆಯ ಸಮಿತಿ ಕೂತಿತು. ಉದ್ದನೆಯ ಮೇಜು, ಎಲ್ಲರ ಮುಂದೆ ನೀರಿನ ಬಾಟಲಿ, ಗೋಡಂಬಿ. ಅಧ್ಯಕ್ಷರು ಮನೋರಮಾಳ ವರದಿ ಎತ್ತಿಕೊಂಡು ಬಹಳ ಹೊಗಳಿದರು. ಇಂಥ ನೇರವಂತಿಕೆ ಈಗಿನ ಕಾಲದಲ್ಲಿ ಅಪರೂಪ, ಕಿರಿಯರು ಕಲಿಯಬೇಕು ಅಂದರು. ಆಮೇಲೆ ದೆಹಲಿಯ ಪರೀಕ್ಷೆಯನ್ನೇ, ಹಿಂದಿನ ಎರಡು ವರ್ಷಗಳದ್ದೂ ಸೇರಿಸಿ, ಅಸಿಂಧು ಅಂತ ಸಾರಿದರು. ಇನ್ನೂರಾರಕ್ಕೆ ದೆಹಲಿ ಬಿಟ್ಟು ಬೇರೆಲ್ಲೂ ಪರೀಕ್ಷೆಯಾಗಿರಲಿಲ್ಲ, ಆದ್ದರಿಂದ ಅದನ್ನು ಪಟ್ಟಿಯಿಂದ ತೆಗೆದರು. ಚಂದ್ರಶೇಖರನ ತಳಿಯ ಸರದಿ ಬಂದಾಗ ಅವನು ಎದ್ದು ನಿಂತು, ತನ್ನದು ಇನ್ನೆರಡು ಕೇಂದ್ರಗಳಲ್ಲೂ ಮೂರು ಚಳಿಗಾಲ ಪರೀಕ್ಷೆಯಾಗಿದೆ, ಎರಡು ಕಡೆಯೂ ಒಂದು ಗಿಡವೂ ಸೊರಗಿಲ್ಲ ಅಂದ.

ಮನೋರಮಾ ಕುರ್ಚಿ ಸರಿಸಿ ಎದ್ದಳು. "ಆ ಎರಡು ಕಡೆಯ ಮಣ್ಣಿನಲ್ಲಿ ನಮ್ಮ ಕಡೆಯ ಶಿಲೀಂಧ್ರವೇ ಇಲ್ಲ. ಅಲ್ಲಿ ಸೊರಗದೇ ಇರೋದು ದೊಡ್ಡಸ್ತಿಕೆಯಲ್ಲ. ಅಲ್ಲಿ ಸಾಯೋ ಸಾಲು ಬಿತ್ತಿದ್ರಾ? ಅದು ಸತ್ತಿತಾ? ನಮ್ಮ ತಾಕಿನಲ್ಲೇ ಹೋದ ವರ್ಷ ಈ ತಳಿ ಅರ್ಧ ಸೊರಗಿದೆ, ನಾನೇ ಬರೆದು ಕಳಿಸಿದ್ದೀನಿ."

"ಡಾಕ್ಟರ್ ಮನೋರಮಾ," ಅಂದರು ಅಧ್ಯಕ್ಷರು ಮೃದುವಾಗಿ, "ನಿಮ್ಮ ತಾಕು ನಂಬಿಕೆಗೆ ಯೋಗ್ಯವಲ್ಲ ಅಂತ ಬರೆದವರೂ ನೀವೇ ಅಲ್ಲವೇ?"

ಮೇಜಿನ ಸುತ್ತ ಯಾರೋ ಕಿಸಕ್ಕನೆ ನಕ್ಕರು. ಅಲ್ಲಿ ಕೂತವರಲ್ಲಿ ಅರ್ಧ ಜನ ಸಸ್ಯರೋಗ ಓದಿದವರು, ಅವಳು ಹೇಳಿದ್ದರ ಅರ್ಥ ಅವರಿಗೆ ಆಗದೆ ಇರಲಿಲ್ಲ. ಆದರೆ ಊಟದ ಹೊತ್ತಾಗಿತ್ತು, ಕೆಳಗೆ ಬಿಸಿ ನಾನ್ ಕಾಯುತ್ತಿತ್ತು. ದಪ್ಪಕಾಳಿನ ತಳಿ ಪಾಸಾಯಿತು. ಮನೋರಮಾಳ ಸಹಿ ಕೊಂದದ್ದು ಅವಳದ್ದನ್ನು ಮಾತ್ರ.

ಇನ್ನೂರಾರರ ಬೀಜ ಶೈತ್ಯಾಗಾರದ ಕಪಾಟು ಸೇರಿತು. ರೋಗದ ತಾಕಿನಲ್ಲಿ ಪ್ಲಾಸ್ಟಿಕ್ ಪ್ರಾತ್ಯಕ್ಷಿಕೆಗೆ ಕಾಯಂ ಪಾರ್ಕು ಎದ್ದಿತು, ಸುತ್ತ ಹುಲ್ಲುಹಾಸು, ನಡುವೆ ಕಲ್ಲಿನ ಬೆಂಚು. ಸಾತ್ವಿಕ್ ಒಂದು ದಿನ ಬಂದು, ಬೇರೆ ಮೂಲೆಯಲ್ಲಿ ಹೊಸ ರೋಗದ ತಾಕು ಮಾಡೋಣ ಮೇಡಂ, ನಾನು ಅರ್ಜಿ ಹಾಕ್ತೀನಿ ಅಂದ. ಮನೋರಮಾ, "ನಿನ್ನ ಕೆಲಸ ನೀನು ನೋಡ್ಕೋಪ್ಪಾ" ಅಂದಳು. ಅವಳಿಗೆ ಅವನ ಮೇಲೆ ಕೋಪ ಉಳಿದಿರಲಿಲ್ಲ, ಪ್ರೀತಿಯೂ ಉಳಿದಿರಲಿಲ್ಲ.

೨೦೦೯ರ ಫೆಬ್ರವರಿ, ಅವಳ ನಿವೃತ್ತಿಯ ತಿಂಗಳು. ಹರಿಯಾಣದ ರೇವಾಡಿಯ ಹತ್ತಿರದ ಒಂದು ಹಳ್ಳಿಯಿಂದ ದೂರು ಬಂತು, ಹೊಸ ತಳಿಯ ಕಡಲೆ ಒಣಗುತ್ತಿದೆ ಅಂತ. ಚಂದ್ರಶೇಖರ ಆಗಲೇ ಇನ್ನೂ ದೊಡ್ಡ ಕುರ್ಚಿಗೆ ಏರಿದ್ದ. ಸೊರಗು ರೋಗ ಬಲ್ಲವರು ನೀವೇ ತಾನೇ, ಹೋಗಿ ನೋಡಿ ಬನ್ನಿ ಅಂತ ಇವಳನ್ನೇ ಜೀಪಿನಲ್ಲಿ ಕಳಿಸಿದ.

ಹೊಲ ಹುಕಮ್ ಸಿಂಗ್ ಅನ್ನುವವನದು. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು, ಗಟ್ಟಿ ಆಳು. ಬದುವನ್ನೂ ಸಾಲನ್ನೂ ನೂಲು ಹಿಡಿದ ಹಾಗೆ ಇಟ್ಟುಕೊಂಡಿದ್ದ. ಆ ನೇರ ಸಾಲುಗಳಲ್ಲಿ ಗಿಡಗಳು ತಲೆ ಜೋಲು ಹಾಕಿ, ಹುಲ್ಲಿನ ಬಣ್ಣಕ್ಕೆ ತಿರುಗಿ ನಿಂತಿದ್ದವು. ಮನೋರಮಾ ಒಂದನ್ನು ಕಿತ್ತು, ಚೀಲದಿಂದ ಬ್ಲೇಡು ತೆಗೆದು ಬೇರನ್ನು ಉದ್ದಕ್ಕೆ ಸೀಳಿದಳು. ನಟ್ಟ ನಡುವೆ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ.

ಒಂದು ಕ್ಷಣ ಅವಳಿಗೆ ಖುಷಿಯಾಯಿತು. ನಾಚಿಕೆಗೇಡು, ಆದರೆ ಆಯಿತು. ನಾನು ಹೇಳಿದ್ದೇ ನಡೆಯಿತು ಅನ್ನುವ ಖುಷಿ. ಇಂಥ ಸಾವಿಗಾಗಿ ಒಂದು ಇಡೀ ಚಳಿಗಾಲ ಕಾದವಳು ಅವಳು, ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಅದೇ ಬಿದ್ದಿತ್ತು. ಕೈಗಳು ತಾವಾಗಿಯೇ ಸತ್ತ ಗಿಡಗಳನ್ನು ಕಿತ್ತು ಕಂಕುಳಿಗೆ ಸೇರಿಸತೊಡಗಿದವು. ಒಂದು ಹೊರೆಯಾದ ಮೇಲೆ ನೆನಪಾಯಿತು, ಇವನ್ನು ಒಯ್ದು ಹಾಕಲು ತನಗೆ ಈಗ ಮಣ್ಣಿಲ್ಲ. ಅಲ್ಲಿ ಬೆಂಚಿದೆ. ಅವಳು ಹೊರೆಯನ್ನು ಬದುವಿನ ಮೇಲೆ ಇಳಿಸಿದಳು.

"ಮಣ್ಣಿನಲ್ಲಿ ರೋಗ ಇದೆ. ನಿಮ್ಮ ತಪ್ಪಲ್ಲ. ಈ ತಳಿಗೆ ಅದನ್ನ ತಡೆಯೋ ಶಕ್ತಿಯಿಲ್ಲ" ಅಂತ ಹಿಂದಿಯಲ್ಲಿ ಹೇಳಿದಳು.

ಹುಕಮ್ ಸಿಂಗ್ ಕೂಗಾಡಲಿಲ್ಲ. ನಿಮ್ಮವರೇ ಮನೆ ಬಾಗಿಲಿಗೆ ಬಂದು ಬೀಜ ಕೊಟ್ಟು ಹೋದರಲ್ಲ ಅಂತ ಹಂಗಿಸಲೂ ಇಲ್ಲ. ಸೈನ್ಯದಲ್ಲಿ ಮೇಲಿನವರನ್ನು ಕೇಳುವ ಹಾಗೆ ನೆಟ್ಟಗೆ ನಿಂತು ಕೇಳಿದ: "ತೋ ಬೆಹನ್‌ಜೀ, ಬೋನಾ ಕ್ಯಾ ಥಾ? ಮತ್ತೆ ಬಿತ್ತಬೇಕಿದ್ದದ್ದಾದರೂ ಏನು? ಈ ಮಣ್ಣಿನಲ್ಲಿ ನಿಲ್ಲುವಂಥದ್ದು ಯಾವುದಾದರೂ ಇದೆಯಾ? ಹೆಸರು ಹೇಳಿ, ಮುಂದಿನ ವರ್ಷ ಅದನ್ನೇ ಹಾಕ್ತೀನಿ."

ಇದೆ. ಇಂಥ ಮಣ್ಣಿನಲ್ಲಿ ಎರಡು ಚಳಿಗಾಲ ನಿಂತಿದೆ. ಅದಕ್ಕೆ ಎಷ್ಟು ನಾಳ ಮುಚ್ಚಬೇಕು, ಎಷ್ಟು ತೆರೆದ ಹಾಗೇ ಬಿಡಬೇಕು ಅಂತ ಗೊತ್ತು. ಅದರ ಬೀಜ ಇಲ್ಲಿಂದ ಮೂರು ಗಂಟೆಯ ದಾರಿಯಲ್ಲಿ ಬೀಗದೊಳಗಿದೆ. ಅದನ್ನು ಯಾರಿಗೂ ಕೊಡುವಂತಿಲ್ಲ, ಅದು ನಿರೋಧಕ ಅಂತ ಯಾರಿಗೂ ಹೇಳುವಂತಿಲ್ಲ. ಹೇಳುವಂತಿಲ್ಲ ಅಂತ ಬರೆದು ಸಹಿ ಹಾಕಿದವಳು ಅವಳೇ.

"ಪತಾ ನಹೀಂ, ಭಾಯಿಸಾಬ್" ಅಂದಳು.

ಇಷ್ಟು ದೊಡ್ಡ ಕೇಂದ್ರದಲ್ಲಿ, ಇಷ್ಟು ವರ್ಷ ಕೆಲಸ ಮಾಡಿದ ಹಿರಿಯ ಹೆಂಗಸಿಗೂ ಗೊತ್ತಿಲ್ಲ ಅಂದರೆ ಇನ್ನು ಯಾರಿಗೂ ಗೊತ್ತಿರಲಿಕ್ಕಿಲ್ಲ ಅಂತ ಹುಕಮ್ ಸಿಂಗ್ ನಂಬಿದ. ತಲೆಯಾಡಿಸಿ, ಕಡಲೆಯನ್ನೇ ಬಿಟ್ಟು ಸಾಸಿವೆ ಹಾಕ್ತೀನಿ ಹಾಗಾದ್ರೆ ಅಂದ. ದೂರದಿಂದ ಬಂದಿದ್ದೀರಿ, ಚಹಾ ಕುಡಿದೇ ಹೋಗಬೇಕು ಅಂತ ಮನೆಯ ಕಡೆ ಕೂಗಿ ಹೇಳಿದ.